ಹುಳು ಮನೆಯ ದೀಪ ಎಷ್ಟು ಎತ್ತರದಲ್ಲಿರಬೇಕು?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ರೇಷ್ಮೆ ಬೆಳೆಗಾರರ ಬಳಿ ಎಲ್ಲಕ್ಕೂ ಲೆಕ್ಕವಿದೆ. ಎಷ್ಟು ಮೊಟ್ಟೆಗೆ ಎಷ್ಟು ಸೊಪ್ಪು ಬೇಕು, ಯಾವ ಜ್ವರಕ್ಕೆ (ಹುಳು ಪೊರೆ ಬಿಡುವ ಹೊತ್ತಿಗೆ) ಎಷ್ಟು ಸುಣ್ಣ ಉದುರಿಸಬೇಕು, ಜ್ವರ ಎದ್ದ ಹುಳುವಿಗೆ ಎಷ್ಟು ಹೊತ್ತು ಬಿಟ್ಟು ಸೊಪ್ಪು ಹಾಕಬೇಕು ಎಂಬುದೆಲ್ಲ ಬಾಯಿಪಾಠ. ಗೋಡೆಗೆ ಉಷ್ಣಮಾಪಕವೂ ತೂಗಿರುತ್ತದೆ. ಲೆಕ್ಕವಿಲ್ಲದ್ದು ಒಂದೇ, ಬೆಳಕು. ಮನೆ ಕಟ್ಟುವಾಗ ವೈರಿಂಗ್ ಮಾಡಿದವರು ನಡುತೊಲೆಗೆ ಒಂದು ಹೋಲ್ಡರ್ ಕೂರಿಸಿ ಹೋಗಿರುತ್ತಾರೆ. ಅಲ್ಲಿ ಬಲ್ಬು ಇದ್ದರೆ ಸಾಕು, ಬೆಳಕಿನ ಚಿಂತೆ ಮುಗಿದಂತೆ. ಈ ರೂಢಿ ತಪ್ಪು ಎನ್ನುವುದು ಈ ಬರಹದ ವಾದ. ಹುಳು ಮನೆಯ ದೀಪವನ್ನು ನಾವು ಮನುಷ್ಯನ ಅನುಕೂಲಕ್ಕೆ ತೂಗುಹಾಕುತ್ತಿದ್ದೇವೆ. ಆದರೆ ಸೊಪ್ಪು, ಗಾಳಿ, ತೇವದಂತೆ ಬೆಳಕೂ ಸಾಕಣೆಯ ಭಾಗ. ಅದನ್ನು ಕಡೆಗಣಿಸಿದ ನಷ್ಟ ಕಾಣುವುದು ಹುಳು ಮನೆಯಲ್ಲಲ್ಲ, ಗೂಡಿನ ಮಾರುಕಟ್ಟೆಯಲ್ಲಿ.

ಮೊದಲು ಹುಳುವಿನ ಕಣ್ಣಿನಿಂದಲೇ ಹೊರಡೋಣ. ರೇಷ್ಮೆ ಹುಳುವಿನ ತಲೆಯ ಎರಡೂ ಬದಿಗೆ ಆರಾರು ಸಣ್ಣ ಸರಳ ಕಣ್ಣುಗಳಿವೆ. ಅವುಗಳಿಂದ ಅದಕ್ಕೆ ಆಕಾರ ಸರಿಯಾಗಿ ತಿಳಿಯದು. ಬೆಳಕು ಎತ್ತ, ನೆರಳು ಎತ್ತ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಆಗತಾನೆ ಒಡೆದ ಮರಿ ಬೆಳಕಿನತ್ತ ತೆವಳುತ್ತದೆ. ಬೆಳೆದ ಹುಳು ಮಬ್ಬು ಬೆಳಕನ್ನು ಒಪ್ಪುತ್ತದೆ, ಪ್ರಖರ ಬೆಳಕಿನಿಂದ ದೂರ ಸರಿಯುತ್ತದೆ. ಹಣ್ಣಾದ ಹುಳು ಗೂಡು ಕಟ್ಟಲು ನೆರಳಿನ ಮೂಲೆಯನ್ನೇ ಹುಡುಕುತ್ತದೆ. ಗಿಡಕ್ಕೆ ಬೆಳಕು ಅನ್ನ. ಹಾಗಾಗಿ ಒಳಾಂಗಣದಲ್ಲಿ ಎಲ್‌ಇಡಿ ದೀಪದಡಿ ಗಿಡ ಬೆಳೆಸುವವರು ಗಿಡ ಎತ್ತರವಾದಂತೆ ದೀಪವನ್ನು ಏರಿಸುತ್ತಾ, ಕಾವು ನೋಡಿಕೊಂಡು ತಗ್ಗಿಸುತ್ತಾ ಇರುತ್ತಾರೆ. ಹುಳುವಿಗೆ ಬೆಳಕು ಅನ್ನವಲ್ಲ. ಗಡಿಯಾರ ಮತ್ತು ದಿಕ್ಕು. ಈ ವ್ಯತ್ಯಾಸ ಗೊತ್ತಾದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಇಲ್ಲಿ ಬೇಕಿರುವುದು ಹೆಚ್ಚು ಬೆಳಕಲ್ಲ. ಎಲ್ಲ ಹುಳುವಿಗೂ ಒಂದೇ ಸಮನಾದ, ಹೊತ್ತು ಗೊತ್ತಿರುವ ಬೆಳಕು.

ಬೆಳಕು ಗಡಿಯಾರ ಎಂಬುದಕ್ಕೆ ಮೊಟ್ಟೆ ಒಡೆಸಿ ಮರಿ ಸಾಕುವ ಚಾಕಿ ಕೇಂದ್ರಗಳೇ ಸಾಕ್ಷಿ. ಮೊಟ್ಟೆಯ ಮೇಲೆ ಕಪ್ಪು ಚುಕ್ಕೆ ಮೂಡಿ ನೀಲಿ ತಿರುಗುತ್ತಿದ್ದಂತೆ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ, ಇಲ್ಲವೇ ಕತ್ತಲ ಪೆಟ್ಟಿಗೆಯಲ್ಲಿಟ್ಟು, ಸುಮಾರು ಎರಡು ದಿನ ಬಿಡುತ್ತಾರೆ. ಬೇಗ ಬಲಿತ ಭ್ರೂಣ ಕತ್ತಲಲ್ಲಿ ಕಾಯುತ್ತದೆ, ಹಿಂದುಳಿದದ್ದು ಬಂದು ಸೇರಿಕೊಳ್ಳುತ್ತದೆ. ಒಡೆಯಬೇಕಾದ ದಿನ ಬೆಳಗಿನ ಜಾವ ಕಾಗದ ಬಿಚ್ಚಿ ಬೆಳಕಿಗೆ ಹಿಡಿದರೆ ಬಹುಪಾಲು ಮರಿ ಒಂದೇ ಹೊತ್ತಿಗೆ ಹೊರಬರುತ್ತವೆ. ಹೀಗೆ ಮಾಡದಿದ್ದರೆ ಮರಿ ಎರಡು ಮೂರು ದಿನ ಬಿಡಿಬಿಡಿಯಾಗಿ ಒಡೆಯುತ್ತದೆ. ಆಮೇಲೆ ಜ್ವರವೂ ಬಿಡಿಬಿಡಿ, ಹಣ್ಣಾಗುವುದೂ ಬಿಡಿಬಿಡಿ. ಒಂದೇ ತಟ್ಟೆಯಲ್ಲಿ ಅರ್ಧ ಹುಳು ಜ್ವರ ಹಿಡಿದು ತಲೆ ಎತ್ತಿ ನಿಂತಿದ್ದರೆ, ಉಳಿದರ್ಧ ಸೊಪ್ಪಿಗೆ ಹಾತೊರೆಯುತ್ತಿರುತ್ತದೆ. ಇಷ್ಟು ಎಚ್ಚರದಿಂದ ಬೆಳಕನ್ನು ಬಳಸುವ ನಾವು, ಎರಡನೇ ಜ್ವರ ಎದ್ದ ಚಾಕಿ ಹುಳು ರೈತನ ಮನೆಗೆ ಬಂದ ದಿನದಿಂದ ಅದನ್ನು ಮರೆತೇಬಿಡುತ್ತೇವೆ. ಒಂದೇ ಬೆಳೆಯ ನಡುವೆ ಹೀಗೆ ಶಿಸ್ತು ಕಡಿದುಹೋಗುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಸಾಕಣೆ ಕೈಪಿಡಿಗಳಲ್ಲಿ ಬೆಳಕಿನ ಸಲಹೆ ಇಲ್ಲವೆಂದಲ್ಲ. ದೊಡ್ಡ ಹುಳುವಿಗೆ 15ರಿಂದ 20 ಲಕ್ಸ್ ಮಬ್ಬು ಬೆಳಕು, ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲು ಎಂದು ಬರೆದಿರುತ್ತದೆ. ಸಲಹೆ ಸರಿಯೇ ಇದೆ. ಆದರೆ ಲಕ್ಸ್ ಅಳೆಯುವ ಮೀಟರು ಯಾವ ಹುಳು ಮನೆಯಲ್ಲಿದೆ? ಉಷ್ಣಕ್ಕೆ ಡಿಗ್ರಿ ಹೇಳಿದರೆ ರೈತ ಗೋಡೆ ನೋಡುತ್ತಾನೆ. ಲಕ್ಸ್ ಎಂದರೆ ನೋಡಲು ಏನೂ ಇಲ್ಲ. ಅದನ್ನು ಬಲ್ಬಿನ ವ್ಯಾಟ್, ತೂಗುವ ಎತ್ತರ, ತಿರುಗಿಸುವ ದಿಕ್ಕು ಎಂಬ ಕೈಗೆಟುಕುವ ಮಾತಾಗಿ ಹೇಳಬೇಕಿತ್ತು. ಕೈಪಿಡಿಯ ದೊಡ್ಡ ಕೊರತೆ ಇದು.

ಹಾಗೆ ಹೇಳಿ ನೋಡೋಣ. ಹಿಂದೆ ಹುಳು ಮನೆಯಲ್ಲಿ ಸಾಮಾನ್ಯವಾಗಿದ್ದ 40 ವ್ಯಾಟಿನ ತಂತಿ ಬಲ್ಬು ಕೊಡುತ್ತಿದ್ದದ್ದು ಸುಮಾರು 400 ಲ್ಯೂಮೆನ್ ಬೆಳಕು. 2015ರ ಕೊನೆಯಲ್ಲಿ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆ ಬಂದ ಮೇಲೆ 9 ವ್ಯಾಟಿನ ಎಲ್‌ಇಡಿ ಬಲ್ಬು ಹಳ್ಳಿ ಮನೆಗಳ ಮಾಮೂಲಿ ದೀಪವಾಯಿತು. ಅದರ ಬೆಳಕು 800ರಿಂದ 900 ಲ್ಯೂಮೆನ್. ವ್ಯಾಟ್ ಕಾಲುಭಾಗಕ್ಕೂ ಕಡಿಮೆಯಾಯಿತು ಎಂದು ಎಲ್ಲರಿಗೂ ಗೊತ್ತಾಯಿತು. ಅದೇ ಹೋಲ್ಡರಿನಲ್ಲಿ ಬೆಳಕು ಎರಡರಷ್ಟಾಯಿತು ಎಂಬುದು ಹುಳು ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಮೇಲಾಗಿ ಎಲ್‌ಇಡಿ ಬಲ್ಬಿನ ಬೆಳಕು ಹೆಚ್ಚಾಗಿ ಮುಂದಕ್ಕೇ, ಅಂದರೆ ತೂಗುಬಿಟ್ಟಾಗ ಕೆಳಕ್ಕೇ ಬೀಳುತ್ತದೆ. ಅದರಡಿ ಎರಡು ಮೀಟರ್ ದೂರದಲ್ಲಿ ಸಿಗುವುದು ಸುಮಾರು 25–30 ಲಕ್ಸ್. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಒಂದು ಮೀಟರಿನಲ್ಲಿ ನೂರು ಲಕ್ಸ್ ದಾಟುತ್ತದೆ, ಅರ್ಧ ಮೀಟರಿನಲ್ಲಿ ನಾನೂರು ದಾಟುತ್ತದೆ. ಈಗ ಮೂರು ನಾಲ್ಕು ಅಂತಸ್ತಿನ ಸ್ಟ್ಯಾಂಡನ್ನು ಆ ಬಲ್ಬಿನ ಕೆಳಗೆ ಕಲ್ಪಿಸಿಕೊಳ್ಳಿ. ಮೇಲಿನ ಅಂತಸ್ತಿನ ಹುಳು ದೀಪಕ್ಕೆ ಮೊಳದೂರ. ಕೆಳಗಿನ ಅಂತಸ್ತು ಮೇಲಿನದರ ನೆರಳಿನಲ್ಲಿ ಹೆಚ್ಚುಕಡಿಮೆ ಕತ್ತಲು. ಒಂದೇ ಮನೆ, ಒಂದೇ ಬೆಳೆ, ಒಂದೇ ಸೊಪ್ಪು. ಬೆಳಕು ಮಾತ್ರ ಇಪ್ಪತ್ತು ಪಟ್ಟು ಹೆಚ್ಚುಕಡಿಮೆ. ಮೇಲಿನ ತಟ್ಟೆಯ ಹುಳು ದೀಪದ ನೇರಕ್ಕಿರುವ ಜಾಗ ಬಿಟ್ಟು ಅಂಚಿಗೆ ಸರಿದು ಒತ್ತೊತ್ತಾಗುತ್ತದೆ. ಒತ್ತಾದಲ್ಲಿ ಸೊಪ್ಪು ಸಾಲದು, ಹಿಕ್ಕೆ ಹೆಚ್ಚು, ತೇವ ಹೆಚ್ಚು. ಸಪ್ಪೆ ರೋಗಕ್ಕೆ, ಹಾಲುತೊಂಡೆಗೆ ಮೂಲ ಕಾರಣ ಬೆಳಕಲ್ಲ, ನಿಜ. ಆದರೆ ರೋಗ ಇಷ್ಟಪಡುವ ಜಾಗವನ್ನು ಅದು ಹೀಗೆ ಸಿದ್ಧಮಾಡಿಕೊಡುತ್ತದೆ.

ನಿಜವಾದ ಪರೀಕ್ಷೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಚಂದ್ರಿಕೆಯಲ್ಲಿ. ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರು ಚಂದ್ರಿಕೆಗೆ, ಚದರಡಿಗೆ 40–50 ಹುಳುವಿನಂತೆ, ಸಾವಿರದಷ್ಟು ಹಣ್ಣು ಹುಳು ಬಿಡುವುದು ವಾಡಿಕೆ. ಹುಳು ಬಿಟ್ಟ ಚಂದ್ರಿಕೆಗಳನ್ನು ಪಡಸಾಲೆಯ ಗೋಡೆಗೋ ಚಪ್ಪರದ ಕಂಬಕ್ಕೋ ಒರಗಿಸಿ ನಿಲ್ಲಿಸುತ್ತಾರೆ. ಸಂಜೆ ಬಿಸಿಲು ಒಂದು ಬದಿಗೆ ಬೀಳುತ್ತದೆ. ರಾತ್ರಿ ಬಾಗಿಲ ದೀಪ ಒಂದು ತುದಿಯನ್ನು ಬೆಳಗುತ್ತದೆ. ಒಂದು ಗಂಟೆ ಬಿಟ್ಟು ನೋಡಿದರೆ ಬೆಳಕಿನ ಕಡೆಯ ಸುರುಳಿಗಳು ಖಾಲಿ. ನೆರಳಿನ ಕಡೆ ಹುಳುವಿನ ಮೇಲೆ ಹುಳು, ಒಂದರ ಉಚ್ಚೆ ಇನ್ನೊಂದು ಕಟ್ಟುತ್ತಿರುವ ಗೂಡಿನ ಮೇಲೆ. ಹೀಗೆ ಒತ್ತಾದಲ್ಲಿ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಜೋಡಿ ಗೂಡಿನಲ್ಲಿ ಎರಡೆಳೆ ಸಿಕ್ಕುಸಿಕ್ಕಾಗಿರುವುದರಿಂದ ರೀಲರ್ ಅದನ್ನು ಒಳ್ಳೆಯ ನೂಲಿಗೆ ಬಳಸಲಾರ, ಡುಪಿಯನ್ ದಾರಕ್ಕೆ ತಳ್ಳುತ್ತಾನೆ. ಕಲೆಗೂಡಿನ ಬೆಲೆಯೂ ಕೆಳಗೇ. ಒಂದು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಬೆಳೆ ಕೊನೆಯ ಎರಡು ಮೂರು ದಿನದ ಓರೆ ಬೆಳಕಿಗೆ ಹೀಗೆ ದರ ಕಳೆದುಕೊಳ್ಳುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಿರಿಯರದು. ಬುಡ್ಡಿ ದೀಪದಲ್ಲಿ ಹುಳು ಸಾಕಿದ ನಾಡು ಇದು, ಆಗ ಯಾರು ಲಕ್ಸ್ ಕೇಳಿದರು? ಮಾತಿನಲ್ಲಿ ತೂಕವಿದೆ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಆಗಿನ ಮದ್ರಾಸ್ ಪ್ರಾಂತದ ರೇಷ್ಮೆ ಸೀಮೆಯಾಗಿತ್ತು; ಅದೂ ವಿದ್ಯುತ್ ಇಲ್ಲದ ಮನೆಗಳಲ್ಲಿ. ಆದರೆ ಆ ಬುಡ್ಡಿಯನ್ನು ಗಮನಿಸಿ. ಅದರ ಬೆಳಕು ಮಬ್ಬು. ಕೆಲಸವಿದ್ದಾಗ ತಟ್ಟೆಯ ಬಳಿಗೆ ಒಯ್ಯುತ್ತಿದ್ದರು, ಮುಗಿದ ಮೇಲೆ ಮನೆ ಕತ್ತಲಾಗುತ್ತಿತ್ತು. ಕೈಪಿಡಿ ಇಂದು ಹೇಳುವ ಮಬ್ಬು ಬೆಳಕು, ರಾತ್ರಿಯ ಕತ್ತಲು ಎರಡೂ ಅಲ್ಲಿ ತಾವಾಗಿಯೇ ಇದ್ದವು. ತಳಿಯೂ ಗಟ್ಟಿಮುಟ್ಟಾದ ಮೈಸೂರು ದೇಶಿ. ಇಂದು ಸಾಕುವ ದ್ವಿತಳಿ ಹುಳುವಿನ ಗೂಡಿನಿಂದ ಸಾವಿರ ಮೀಟರಿನಷ್ಟು ಎಳೆ ಬರುತ್ತದೆ, ಆದರೆ ಅದು ಸಾಕಣೆಯ ತಪ್ಪನ್ನು ದೇಶಿ ತಳಿಯಷ್ಟು ತಾಳಿಕೊಳ್ಳುವುದಿಲ್ಲ. ಮನೆಯೂ ಬದಲಾಗಿದೆ. 1980ರಲ್ಲಿ ಹುಳುವನ್ನು ಕಾಡುವ ಊಜಿ ನೊಣ ರಾಜ್ಯಕ್ಕೆ ಕಾಲಿಟ್ಟ ಮೇಲೆ ಕಿಟಕಿಗಳಿಗೆ ಬಲೆ ಬಂತು, ಹಗಲ ಬೆಳಕು ಕುಗ್ಗಿತು. ಹೀಗೆ ಹಗಲು ಮಂಕಾಗಿ ರಾತ್ರಿ ಪ್ರಖರವಾದ ಮನೆಯಲ್ಲಿ ಹುಳುವಿಗೆ ಹೊತ್ತಿನ ಗುರುತು ಉಳಿಯುವುದು ಹೇಗೆ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕಾವು, ತೇವ, ಸೊಪ್ಪಿನ ಗುಣ, ಸೋಂಕು ನಿವಾರಣೆ, ಇವು ಬೆಳೆಯನ್ನು ಉಳಿಸುವ ಅಥವಾ ಕೆಡಿಸುವ ವಿಷಯಗಳು. ಬೆಳಕು ಇವುಗಳ ಮುಂದೆ ಎಷ್ಟರದ್ದು? ಒಪ್ಪುತ್ತೇನೆ. ಸೋಂಕು ತೊಳೆಯದ ಮನೆಯಲ್ಲಿ ಬಲ್ಬು ಸರಿಪಡಿಸಿ ಪ್ರಯೋಜನವಿಲ್ಲ. ಆದರೆ ಉಳಿದವು ಸರಿಯಾಗಿರುವ ಮನೆಯಲ್ಲೂ ಮೊಟ್ಟೆ ಒಡೆಯುವ ದಿನ, ಗೂಡು ಕಟ್ಟುವ ದಿನ ಬೆಳಕಿನ ಮಾತೇ ನಡೆಯುತ್ತದೆ. ಮೇಲಾಗಿ ಬೇಸಿಗೆಯಲ್ಲಿ ಹನೂರಿನ ಬಿಸಿಲನ್ನು 25 ಡಿಗ್ರಿಗೆ ಇಳಿಸಲು ದುಡ್ಡು ಬೇಕು, ನೀರು ಬೇಕು. ದೀಪ ಸರಿಪಡಿಸಲು ಒಂದು ಗಜ ವೈರು ಸಾಕು. ಇಷ್ಟು ಅಗ್ಗದ ತಿದ್ದುಪಡಿಯನ್ನು ಸಣ್ಣದೆಂದು ಬಿಡುವುದು ಜಾಣತನವಲ್ಲ.

ರಾತ್ರಿ ಹತ್ತಕ್ಕೆ ಸೊಪ್ಪು ಹಾಕುವವರಿಗೆ, ಸತ್ತ ಹುಳು ಹೆಕ್ಕುವವರಿಗೆ ಕಣ್ಣು ಕಾಣಬೇಕಲ್ಲ ಎಂಬ ಮಾತೂ ಇದೆ. ಈ ಕೆಲಸ ಬಹುಪಾಲು ಮನೆಯ ಹೆಂಗಸರದು. ಅವರ ಕಣ್ಣು ನೋಯಿಸುವ ಸಲಹೆ ನನಗೂ ಬೇಡ. ಪರಿಹಾರವೆಂದರೆ ಎರಡು ದೀಪವನ್ನು ಬೇರೆ ಮಾಡುವುದು. ಕೆಲಸಕ್ಕೆ ತಲೆಗೆ ಕಟ್ಟುವ ಟಾರ್ಚು, ಅಥವಾ ಪ್ರತ್ಯೇಕ ಸ್ವಿಚ್ಚಿನ ದೀಪ. ಕೆಲಸ ಮುಗಿದೊಡನೆ ಅದು ಆರಬೇಕು. ಹುಳುವಿಗೆ ಬೇರೆ ಮಬ್ಬು ದೀಪ: ನಡುವೆ ಒಂದು 9 ವ್ಯಾಟಿನ ಬದಲು ಎರಡು ತುದಿಗೆ ಒಂದೊಂದು 3 ವ್ಯಾಟ್. ಅವು ತಟ್ಟೆಯ ನೆತ್ತಿಯ ಮೇಲಲ್ಲ, ಓಡಾಡುವ ದಾರಿಯ ಮೇಲಿರಲಿ. ಮುಖ ಸುಣ್ಣ ಬಳಿದ ಗೋಡೆಯ ಕಡೆಗಿರಲಿ. ಗೋಡೆಗೆ ತಾಗಿ ಹರಡಿದ ಬೆಳಕು ಕೆಳಗಿನ ಅಂತಸ್ತಿಗೂ ಮುಟ್ಟುತ್ತದೆ. ಚಂದ್ರಿಕೆಗೂ ಇದೇ ನಿಯಮ. ಬಿಸಿಲು ಬೀಳುವ ಬದಿಗೆ ಗೋಣಿಪಟ್ಟಿ ಇಳಿಬಿಟ್ಟರೆ, ಬಾಗಿಲ ದೀಪ ಆರಿಸಿದರೆ ಅರ್ಧ ಕೆಲಸ ಆದಂತೆ. ಮೀಟರು ಇಲ್ಲದಿದ್ದರೂ ಮೊಬೈಲಿನ ಬೆಳಕು ಅಳೆಯುವ ಆ್ಯಪ್ ಎರಡು ಜಾಗಗಳನ್ನು ಹೋಲಿಸಲು ಸಾಕಾಗುತ್ತದೆ, ಅಂಕಿ ಕರಾರುವಾಕ್ಕಾಗಿ ಇರದಿದ್ದರೂ. ಮೇಲಿನ ತಟ್ಟೆಯಲ್ಲಿ ಒಮ್ಮೆ, ಕೆಳಗಿನ ತಟ್ಟೆಯಲ್ಲಿ ಒಮ್ಮೆ ಫೋನು ಮಲಗಿಸಿ ನೋಡಿದರೆ ತನ್ನ ಮನೆಯ ಹೆಚ್ಚುಕಡಿಮೆ ಎಷ್ಟೆಂದು ರೈತನಿಗೇ ತಿಳಿಯುತ್ತದೆ.

ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲು ಬಲ್ಬು ಉರಿಯುತ್ತವೆ. ಗಿಡ ಬೇಗ ಮೊಗ್ಗಾಗದೆ ಬೆಳೆಯಲಿ ಎಂದು ಇರುಳನ್ನು ತುಂಡುಮಾಡುವ ಉಪಾಯ ಅದು. ಎಷ್ಟು ದಿನ ಉರಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಅಲ್ಲಿನ ಬೆಳೆಗಾರರು ಗೊಬ್ಬರದ ಲೆಕ್ಕದಷ್ಟೇ ಸಹಜವಾಗಿ ಹೇಳುತ್ತಾರೆ. ಹುಳು ಮನೆಯಲ್ಲೂ ಬೆಳಕಿನ ಲೆಕ್ಕ ಅಷ್ಟೇ ಸಹಜವಾಗಬೇಕು. ಅದಕ್ಕಾಗಿ ರೇಷ್ಮೆ ಇಲಾಖೆಯ ತಾಂತ್ರಿಕ ಸಿಬ್ಬಂದಿ ಹುಳು ಮನೆಗೆ ಬಂದಾಗ ಉಷ್ಣಮಾಪಕ ನೋಡಿದ ಮೇಲೆ ಒಮ್ಮೆ ತಲೆ ಎತ್ತಿ ಬಲ್ಬು ಎಲ್ಲಿದೆ, ಎಷ್ಟು ಹೊತ್ತು ಉರಿಯುತ್ತದೆ ಎಂದೂ ಕೇಳಬೇಕು. ಹೊಸ ಹುಳು ಮನೆಯ ನಕ್ಷೆಯಲ್ಲಿ ಕಿಟಕಿ, ಗಾಳಿಕಿಂಡಿಯ ಪಕ್ಕದಲ್ಲೇ ದೀಪದ ಜಾಗವನ್ನೂ ಗುರುತು ಹಾಕಬೇಕು, ತೊಲೆಗೆ ಹೋಲ್ಡರ್ ಬಡಿಯುವ ಮುಂಚೆಯೇ.