ಮುದುಕಿಯರ ಮಾತು

ಇಂಗ್ಲಿಷ್ ನುಡಿಗಟ್ಟುಗಳ ಕೈಪಿಡಿ ತೆರೆದರೆ ‘ಓಲ್ಡ್ ವೈವ್ಸ್ ಟೇಲ್’ ಎಂದರೆ ಆಧಾರವಿಲ್ಲದ ನಂಬಿಕೆ ಎಂದಿರುತ್ತದೆ. ನಮ್ಮ ಅಡುಗೂಲಜ್ಜಿ ಕಥೆ ಇದ್ದ ಹಾಗೆ. ಅರ್ಥವೇನೋ ಸರಿ, ಒಳಗಿರುವ ತಾತ್ಸಾರವನ್ನು ಕೈಪಿಡಿ ಹೇಳುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ವೈಫ್’ ಎಂದರೆ ಯಾವ ಹೆಂಗಸೂ ಆಗಬಹುದಿತ್ತು. ಅಲ್ಲಿಗೆ, ವಯಸ್ಸಾದ ಹೆಂಗಸರ ತಿಳಿವಳಿಕೆಯೆಲ್ಲ ಸುಳ್ಳೆಂದಾಯಿತು!

1775ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯರ ಬಳಿಗೆ ಮೈಬಾವಿನ ಮನೆಮದ್ದೊಂದು ಬಂತು. ಶ್ರಾಪ್‌ಶೈರಿನ ಮುದುಕಿಯೊಬ್ಬಳು ಗುಟ್ಟಾಗಿಟ್ಟಿದ್ದ ಮದ್ದು. ಅದರ ಇಪ್ಪತ್ತಕ್ಕೂ ಮಿಕ್ಕ ಮೂಲಿಕೆಗಳಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಎಂದು ಅವರು ಗುರುತಿಸಿದರು. 1785ರಲ್ಲಿ ಪುಸ್ತಕ ಬರೆದರು. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಆ ಜಾತಿಯ ಗಿಡದಿಂದಲೇ ಬಂದದ್ದು. ಪುಸ್ತಕದಲ್ಲಿ ಮುದುಕಿ ಇದ್ದಾಳೆ, ಅವಳ ಹೆಸರಿಲ್ಲ. ಮಕ್ಕಳಿಗೆ ಈ ನುಡಿಗಟ್ಟನ್ನು ಕಲಿಸುವಾಗ ಅವಳ ಕಥೆಯನ್ನೂ ಹೇಳೋಣ.