ಹಗುರ ಮೈಯ ಆಲ್ಪೀನ್

ಆಲ್ಪೀನ್ ಎ110 ಕಾರಿನ ಸೊಗಸೆಲ್ಲ ಅದರ ಹಗುರತನದಲ್ಲಿದೆ. 2017ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಫ್ರೆಂಚ್ ಕಾರಿನ ತೂಕ ಸುಮಾರು 1,100 ಕೆ.ಜಿ. ಮಾತ್ರ. ಚೌಕಟ್ಟು, ಹೊರಮೈ ಎರಡೂ ಅಲ್ಯೂಮಿನಿಯಂ. ಒಂದೊಂದು ಸೀಟೂ 13.1 ಕೆ.ಜಿ. ಸಾಮಾನಿಗೆ ಜಾಗ ಕಡಿಮೆ, ಇರಲಿ.

ಎಂಜಿನ್ ಇರುವುದು ಸೀಟಿನ ಹಿಂದೆ. ಹೊರಹೋಗುವ ಹೊಗೆಯ ರಭಸಕ್ಕೆ ಗಿರ್ರನೆ ತಿರುಗುವ ಟರ್ಬೊ, ಸಿಲಿಂಡರುಗಳಿಗೆ ಹೆಚ್ಚು ಗಾಳಿ ತುಂಬುತ್ತದೆ. ಹಾಗಾಗಿ ಬರೀ 1.8 ಲೀಟರಿನ ಎಂಜಿನ್ 252 ಅಶ್ವಶಕ್ತಿ ಕೊಡುತ್ತದೆ. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ 4.5 ಸೆಕೆಂಡು ಸಾಕು. ಆಕ್ಸಿಲರೇಟರ್ ಒತ್ತಿದರೆ ಬೆನ್ನ ಹಿಂದೆಯೇ ಗಾಳಿ ಹೀರುವ ಸದ್ದು, ಕಾಲು ತೆಗೆದರೆ ಬುಸ್ಸೆಂಬ ನಿಟ್ಟುಸಿರು.

ನಾಲ್ಕೂ ಚಕ್ರಗಳಿಗೆ ಜೋಡಿ ವಿಶ್‌ಬೋನ್ ಸಸ್ಪೆನ್ಷನ್ (ಒಂದೊಂದು ಚಕ್ರವನ್ನೂ ಮೇಲೊಂದು, ಕೆಳಗೊಂದು ತೋಳು ಹಿಡಿದಿರುವ ಏರ್ಪಾಡು) ಇರುವುದರಿಂದ ಒರಟು ರಸ್ತೆಯಲ್ಲೂ ಹಿಡಿತ ತಪ್ಪುವುದಿಲ್ಲ.

ಇದನ್ನು ಕೊಂಡವರು ಗ್ಯಾರೇಜಿನಲ್ಲಿ ಮುಚ್ಚಿಡಬಾರದು. ಬೆಟ್ಟದ ತಿರುವುಗಳಿಗೆ ಒಯ್ಯಬೇಕು.