ಮಾನ್ಯಖೇಟವನ್ನು ಓದುವ ಬಗೆ

ಮಳಖೇಡವನ್ನು ಕುರಿತು ನಮ್ಮಲ್ಲಿ ಬರೆದವರು ಬಹುಮಂದಿ. ಆದರೆ ಬಹುಮಟ್ಟಿಗೆ ಎಲ್ಲರದೂ ಒಂದೇ ರಾಗ. ಕಾಗಿಣೆಯ ದಡದಲ್ಲಿ ನಿಂತು, ನೃಪತುಂಗನನ್ನು ನೆನೆದು, ಹಾಳುಗೋಡೆಯನ್ನು ಕಂಡು ನಿಟ್ಟುಸಿರು ಬಿಡುವುದು. ಈ ನಿಟ್ಟುಸಿರನ್ನೇ ನಾಡಿನ ಅಭಿಮಾನವೆಂದು ಮೆಚ್ಚಿಕೊಂಡು ಬಂದಿದ್ದೇವೆ. ವಿಮರ್ಶೆಯ ದೃಷ್ಟಿಯಿಂದ ಇದು ಸರಿಯಾದ ಓದಲ್ಲವೆಂದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಈ ಬರಹಗಳು ಹೊಗಳಿಕೆಯನ್ನೇ ಪ್ರಮಾಣವೆಂದು ಹಿಡಿಯುತ್ತವೆ. ರಾಷ್ಟ್ರಕೂಟರ ತಾಮ್ರಶಾಸನಗಳು ಮಾನ್ಯಖೇಟವನ್ನು ದೇವತೆಗಳ ಪಟ್ಟಣವನ್ನೂ ನಾಚಿಸುವ ಊರೆಂದು ಬಣ್ಣಿಸಿದವು. ಅದು ಆಸ್ಥಾನದ ಮಾತು. ಕೇರಿಗಳು ಎಷ್ಟಿದ್ದವು, ಯಾರು ಎಲ್ಲಿ ಬಾಳಿದರು ಎಂಬುದನ್ನು ಅದು ಹೇಳುವುದಿಲ್ಲ. 972ರಲ್ಲಿ ಪರಮಾರ ಸೀಯಕನು ರಾಜಧಾನಿಯನ್ನು ಸೂರೆಗೊಂಡನು. ಇಂದಿನ ಕೋಟೆಯಲ್ಲಿ ಆಮೇಲಿನವರ ಕೆಲಸವೂ ಬೆರೆತಿದೆ. ಎಲ್ಲವನ್ನೂ ನೃಪತುಂಗನ ಅರಮನೆಯೆಂದೇ ಬಗೆದು ಕಣ್ಣೀರಿಡುವವನು ಕಲ್ಲನ್ನೂ ಓದಲಿಲ್ಲ, ಕಾಲವನ್ನೂ ಓದಲಿಲ್ಲ.

ಇದಕ್ಕೆ ಪ್ರತಿಯಾಗಿ ಚಿತ್ತಾಪುರದ ಮಗ್ಗುಲಿನ ನಾಗಾವಿಯನ್ನು ನೋಡಿ. ಅಲ್ಲಿಯ ಘಟಿಕಾಸ್ಥಾನದ 1058ರ ಶಾಸನ ಹೊಗಳಿಕೆಯಲ್ಲಿ ನಿಲ್ಲದೆ ಲೆಕ್ಕವನ್ನೂ ಕೊಡುತ್ತದೆ: ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52, ಪುಸ್ತಕಭಂಡಾರವನ್ನು ಕಾಯುವ ಸರಸ್ವತೀ ಭಂಡಾರಿಗರು ಆರು ಜನ. ಈ ಲೆಕ್ಕವನ್ನು ಓದಿಕೊಂಡು ಅರವತ್ತು ಕಂಬದ ಗುಡಿಯ ಮುಂದೆ ನಿಂತರೆ ಕಂಬಗಳ ನಡುವೆ ಮನುಷ್ಯರು ಓಡಾಡತೊಡಗುತ್ತಾರೆ. ಹಳೆಯ ಕಟ್ಟಡಕ್ಕೆ ಅರ್ಥ ಬರುವುದು ಅದು ಯಾರ ಕೆಲಸಕ್ಕೆ ಬಂತೆಂಬುದು ತಿಳಿದಾಗ.

ಎರಡನೆಯ ಮಾತು ಸಾಹಿತ್ಯಕ್ಕೆ ಸೇರಿದ್ದು. ಕವಿರಾಜಮಾರ್ಗ ಹುಟ್ಟಿದ್ದು ಇದೇ ಅರಸನ ಆಶ್ರಯದಲ್ಲಿ. ಆದರೆ ಕನ್ನಡದ ತಿರುಳಿನ ಸೀಮೆಯನ್ನು ಗುರುತಿಸುವಾಗ ಗ್ರಂಥಕಾರನು ಹೇಳುವ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ರಾಜಧಾನಿಯ ಹೆಸರು ಅಲ್ಲಿಲ್ಲ! ಅರಸನಿರುವ ಊರಿನ ಮಾತೇ ಮೇಲೆಂದು ಹೇಳುವ ಮುಖಸ್ತುತಿಗೆ ಆತ ಇಳಿಯಲಿಲ್ಲ. ಕನ್ನಡಗಳು ಹಲವೆಂಬುದನ್ನು ಅವನು ಬಲ್ಲ. ಅಕ್ಷರ ಕಲಿಯದ ಜನರಿಗೂ ಕಾವ್ಯದ ಹದ ತಿಳಿದಿದೆಯೆಂದು ಮೆಚ್ಚಿ ನುಡಿದವನೂ ಅವನೇ. ನಮ್ಮ ಪ್ರವಾಸಲೇಖಕರಿಗಿಂತ ಅವನ ವಿವೇಕ ದೊಡ್ಡದು.

ಇದೇನು ಪಂಡಿತರ ಚರ್ಚೆಯೆಂದು ವಾಚಕರು ಬದಿಗಿಡಬಾರದು. ಸೇಡಂ, ಚಿಂಚೋಳಿ ಕಡೆಯಿಂದ ನನ್ನ ತರಗತಿಗೆ ಬರುವ ಹುಡುಗರು ಬಾಯಿ ತೆರೆಯಲು ಅಂಜುತ್ತಾರೆ. “ನಮ್ದು ಶುದ್ಧ ಕನ್ನಡ ಅಲ್ರೀ ಸರ” ಎನ್ನುತ್ತಾರೆ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದು, ಉರ್ದುವಿನಲ್ಲಿ ಕಚೇರಿ ನಡೆದ ಸೀಮೆಯಿದು. ಉರ್ದು, ತೆಲುಗು, ಮರಾಠಿಗಳ ಒಡನಾಟದಲ್ಲಿ ಬೆಳೆದ ಮಾತು ಇವರದು. ಸತ್ತ ರಾಜಧಾನಿಗಾಗಿ ಅಳುವವರು ಬದುಕಿರುವ ಈ ಮಾತನ್ನು ಕೇಳಿ ಮುಗುಳ್ನಗುತ್ತಾರೆ. ಒಂದು ಕೈಯಿಂದ ಆ ಊರಿಗೆ ಹಾರ ಹಾಕಿ ಇನ್ನೊಂದು ಕೈಯಿಂದ ಅದರ ಮಕ್ಕಳನ್ನು ಹೊರಗೆ ನಿಲ್ಲಿಸುತ್ತಾರೆ.

ಮಳಖೇಡದಲ್ಲಿ ನೇಮಿನಾಥನ ಬಸದಿಯುಂಟು, ಉತ್ತರಾದಿ ಮಠವುಂಟು, ಕೋಟೆಯುಂಟು. ಇವುಗಳ ಸುತ್ತ ಜನರ ಮನೆಗಳುಂಟು. ಸುತ್ತಲ ನೆಲದ ಸುಣ್ಣಕಲ್ಲು ಶಹಾಬಾದಿನ ಹಾಸುಗಲ್ಲಾಗಿ ದೂರದೂರದ ಮನೆಗಳಿಗೆ ಹೋಯಿತು. ವಾಡಿಯ ಕಾರ್ಖಾನೆಯಲ್ಲಿ ಸಿಮೆಂಟಾಗಿ ಹೊಸ ನಗರಗಳನ್ನು ಕಟ್ಟಿತು. ಇಷ್ಟನ್ನೂ ಒಟ್ಟಿಗೆ ನೋಡಿ ಬರೆಯಬಲ್ಲ ಲೇಖನ ನಮಗೆ ಬೇಕು. ನಿಟ್ಟುಸಿರು ಸಾಕು, ಇನ್ನು ಆ ಕೇರಿಗಳಲ್ಲಿ ನಡೆದು, ಅಲ್ಲಿಯವರ ಮಾತಿಗೆ ಕಿವಿಗೊಟ್ಟು ಬರೆಯೋಣ.